ದಿಡ್ಡಿ ಬಾಗಿಲಿನ ಗುರುಶಾಂತಮ್ಮ

ಆಳಂದದ ಆ ರಸ್ತೆಗೆ ಮಿಲ್ಲಿನ ರಸ್ತೆ ಎಂಬ ಹೆಸರು ಏಕೆ ಬಂತೆಂದು ಹೊಸಬರು ಕೇಳಿದರೆ ತೋರಿಸಲು ಈಗ ಅಲ್ಲೊಂದು ಮಿಲ್ಲೂ ಉಳಿದಿಲ್ಲ. ಹತ್ತಿ ಜಿನ್ನು ಇದ್ದಲ್ಲಿ ಟೈಲ್ಸ್ ಅಂಗಡಿ ಬಂದಿದೆ. ಶೇಂಗಾ ಎಣ್ಣೆಯ ಮಿಲ್ಲು ಇದ್ದಲ್ಲಿ ಟ್ರ್ಯಾಕ್ಟರುಗಳು ಮದುಮಕ್ಕಳ ಹಾಗೆ ಹಾರ ಹಾಕಿಕೊಂಡು ಸಾಲಾಗಿ ನಿಂತಿವೆ. ದೇವೀಂದ್ರಪ್ಪನ ಸಿಂದಿ ದುಕಾನ, ಸರಕಾರ ಈಚಲ ಹೆಂಡ ಬಂದ್ ಮಾಡಿದ ಮೇಲೆ, ಕೆಲವು ವರ್ಷ ಬಾಗಿಲು ಹಾಕಿಕೊಂಡಿದ್ದು, ಈಗ ಅದೇ ಗೋಡೆಗೆ ಹೊಸ ಬಣ್ಣ ಬಳಿದು ವೈನ್ ಶಾಪ್ ಆಗಿದೆ. ಕುಡಿಯುವವರು ಅವರೇ, ಕುಡಿಯುವುದು ಮಾತ್ರ ಬೇರೆ. ಖಾದರಸಾಬನ ಚಹಾದ ಹೋಟೆಲು ಮಾತ್ರ ಹಾಗೇ ಇದೆ. ಅದರ ಬೆಂಚುಗಳು ಹಮಾಲರು ಕೂತು ಕೂತು ನಡುವೆ ತಗ್ಗಾಗಿವೆ, ಹೊಸದಾಗಿ ಕೂರುವವರೂ ಜಾರಿ ಆ ತಗ್ಗಿಗೇ ಬರುತ್ತಾರೆ.

ರಸ್ತೆಯ ಕೊನೆಯಲ್ಲಿ ಮಲ್ಕಪ್ಪ ಸಾವಕಾರರ ಬೇಳೆ ಮಿಲ್ಲಿತ್ತು. ಸಾವಕಾರರು ಹೋದರು, ಯಂತ್ರಗಳು ಗುಜರಿಗೆ ಹೋದವು, ಮಕ್ಕಳು ಬುದ್ಧಿವಂತರಾಗಿದ್ದರಿಂದ ಅಂಗಳಕ್ಕೆ ತಗಡು ಹೊದಿಸಿ ಮಂಗಲ ಕಾರ್ಯಾಲಯ ಮಾಡಿದರು. ತೊಗರಿ ಒಣಗಿಸುತ್ತಿದ್ದ ಫರಸಿ ಕಲ್ಲಿನ ಮೇಲೆ ಈಗ ಅಕ್ಷತೆ ಬೀಳುತ್ತದೆ. ಹಳೆಯ ಕಬ್ಬಿಣದ ಗೇಟನ್ನು ಮಾತ್ರ ಅವರು ಮುಟ್ಟಲಿಲ್ಲ. ಲಾರಿ ಹೋಗುವಷ್ಟು ದೊಡ್ಡ ಗೇಟು, ಅದರೊಳಗೆ ಒಬ್ಬರು ತಲೆ ಬಗ್ಗಿಸಿ ದಾಟುವಷ್ಟು ಚಿಕ್ಕದೊಂದು ದಿಡ್ಡಿ ಬಾಗಿಲು.

ಆ ದಿಡ್ಡಿ ಬಾಗಿಲಿನ ಬಳಿ ಅರ್ಧ ಆಯುಷ್ಯ ನಿಂತವಳೇ ಗುರುಶಾಂತಮ್ಮ. ರಸ್ತೆಯ ಹಳಬರು ಇವತ್ತಿಗೂ ಅವಳನ್ನು ಬೆನ್ನ ಹಿಂದೆ ಝಡತಿ ಗುರುಶಾಂತಮ್ಮ ಎಂದೇ ಕರೆಯುತ್ತಾರೆ. ಝಡತಿ ಎಂದರೆ ಮೈ ತಡವಿ ಕಳವು ಹುಡುಕುವುದು. ಹೆಸರಿನ ಹಿಂದೆ ಊರು ಅಂಟಿಕೊಂಡವರಿದ್ದಾರೆ, ಮನೆತನ ಅಂಟಿಕೊಂಡವರಿದ್ದಾರೆ. ಇವಳಿಗೆ ಅಂಟಿದ್ದು ಇದು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಸರಸಂಬಾದ ಹುಡುಗಿ, ಮದುವೆಯಾಗಿ ಆಳಂದಕ್ಕೆ ಬಂದವಳು. ಗಂಡ ದೌಲತರಾಯ ಸಾವಕಾರರ ಮಿಲ್ಲಿನ ಇಂಜಿನ್ ನೋಡಿಕೊಳ್ಳುತ್ತಿದ್ದ. ಆ ಇಂಜಿನ್ನಿನ ಸದ್ದಿಗೆ ನಡುವಯಸ್ಸಿಗೇ ಕಿವಿ ಮಂದವಾಗಿ, ಮನೆಯಲ್ಲಿ ಹೆಂಡತಿ ಬೈದರೂ ತಲೆಯಾಡಿಸಿ ನಗುವ ಭಾಗ್ಯವಂತನಾದ. ಮಿಲ್ಲಿನಲ್ಲಿ ಆಗ ಹೆಂಗಸರ ದೊಡ್ಡ ಗುಂಪೇ ಇತ್ತು. ತೊಗರಿಗೆ ಎಣ್ಣೆ ಸವರಿ ಅಂಗಳದಲ್ಲಿ ಹರವಿದರೆ ಅವರು ಬಿಸಿಲಿನಲ್ಲಿ ಕಾಲೆಳೆಯುತ್ತ, ಹೊಲದಲ್ಲಿ ಸಾಲು ಹೊಡೆದಂತೆ, ಸಂಜೆಯತನಕ ಅದನ್ನು ತಿರುವಬೇಕು. ಸಂಜೆ ಕೆಲಸ ಬಿಡುವ ಭೋಂಗಾ ಕೂಗಿದ ಮೇಲೆ ಅವರ ಝಡತಿಯಾಗಬೇಕು. ಮೊದಲು ಅದನ್ನು ಗಂಡಸರು ಮಾಡುತ್ತಿದ್ದರು. ಒಂದು ಸಲ ಒಬ್ಬ ಹೆಂಗಸು ಕೈ ಹಚ್ಚಿದವನ ಕೆನ್ನೆಗೆ ಬಾರಿಸಿ, ಮಾತು ಬೆಳೆದು, ಕೆಲಸ ನಿಂತಿತು. ಆಗ ಸಾವಕಾರರಿಗೆ ಗೇಟಿನಲ್ಲಿ ಹೆಂಗಸೇ ಇರಲಿ ಎಂದು ಹೊಳೆಯಿತು. ಯಾರು? ನಮ್ಮ ದೌಲತರಾಯನ ಹೆಂಡತಿ ಇದ್ದಾಳಲ್ಲ, ಕೊರಳಲ್ಲಿ ಲಿಂಗವಿದೆ, ನಂಬಿಗಸ್ತಳು.

ಗುರುಶಾಂತಮ್ಮನಿಗೆ ಅವತ್ತು ಹಿಗ್ಗಾಯಿತು. ಬಿಸಿಲಿನಲ್ಲಿ ಕಾಲೆಳೆಯುವುದಲ್ಲ, ನೆರಳಿನಲ್ಲಿ ಸ್ಟೂಲು. ಮಧ್ಯಾಹ್ನ ಖಾದರಸಾಬನ ಹೋಟೆಲಿನಿಂದ ಅವಳ ಹೆಸರಿಗೇ ಒಂದು ಗ್ಲಾಸು ಚಹಾ ಬರುತ್ತಿತ್ತು. ಭೋಂಗಾ ಆದ ಮೇಲೆ ಹೆಂಗಸರು ದಿಡ್ಡಿ ಬಾಗಿಲಿಗೆ ಸಾಲು ಹಚ್ಚಿ ನಿಲ್ಲುವರು. ಒಬ್ಬೊಬ್ಬರೇ ಮುಂದೆ ಬಂದು ಎರಡೂ ಕೈ ಮೇಲೆತ್ತುವರು. ಇವಳು ಸೊಂಟ ತಡವಿ, ಉಡಿ ಬಿಚ್ಚಿಸಿ ಝಾಡಿಸಿ, ಬೆನ್ನಿಗೊಂದು ತಟ್ಟಿ ಕಳಿಸುವಳು. ತಟ್ಟುವ ತನಕ ಯಾರೂ ಕೈ ಇಳಿಸುವಂತಿರಲಿಲ್ಲ.

ನಮ್ಮ ಕಡೆ ಉಡಿ ಎಂದರೆ ಸುಮ್ಮನೆ ಸೀರೆಯ ಸೆರಗಲ್ಲ. ಹೆಣ್ಣುಮಗಳು ತವರಿಗೆ ಬಂದರೆ ಉಡಿ ತುಂಬಬೇಕು, ಹೊರಟರೆ ಉಡಿ ತುಂಬಬೇಕು, ಬಸುರಿಯಾದರೆ ಊರೇ ಕೂಡಿ ತುಂಬಬೇಕು. ಬರಿ ಉಡಿಯಲ್ಲಿ ಹೆಣ್ಣನ್ನು ಮನೆಯಿಂದ ಕಳಿಸಿದವರನ್ನು ಜನ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಅಂಥ ಸೀಮೆಯಲ್ಲಿ ಈ ಹೆಂಗಸು ದಿನ ಬೆಳಗಾದರೆ ನೆರೆಹೊರೆಯವರ ಉಡಿ ಝಾಡಿಸಿ ಬರಿದು ಮಾಡಿ ಮನೆಗೆ ಕಳಿಸುವ ಕೆಲಸಕ್ಕೆ ನಿಂತಳು. ಹೊಟ್ಟೆಪಾಡು ಎನ್ನಬಹುದು. ಅವಳೂ ಅದನ್ನೇ ಅನ್ನುತ್ತಿದ್ದಳು.

ಆದರೆ ಎಲ್ಲರ ಉಡಿಯನ್ನೂ ಅವಳು ಒಂದೇ ರೀತಿ ಝಾಡಿಸಲಿಲ್ಲ, ಅದನ್ನೂ ಹೇಳಿಬಿಡಬೇಕು. ತನ್ನವರು ಬಂದರೆ, ಲಿಂಗ ಕಟ್ಟಿಕೊಂಡವರು ಬಂದರೆ, ಸೊಂಟಕ್ಕೆ ಕೈ ಸೋಕಿಸಿ ಬಿಡುತ್ತಿದ್ದಳು. ಕೆರೆಯ ಆಚೆಯ ಓಣಿಯವರು ಬಂದರೆ ಗಂಟು ಬಿಚ್ಚಿಸುತ್ತಿದ್ದಳು. ಅವರದನ್ನು ಮುಟ್ಟಿದ ಕೈಯನ್ನು ಆಮೇಲೆ ಕೊಡದೊಳಗಿನ ನೀರಿನಲ್ಲಿ ತೊಳೆಯುತ್ತಿದ್ದಳು, ಅದೂ ಅವರ ಕಣ್ಣೆದುರಿಗೇ. ಬಸವಣ್ಣನವರ ಹೆಸರು ಹೇಳಿ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಹಣೆ ಅದೇ, ಸಂಜೆ ಕೈ ತೊಳೆದದ್ದೂ ಅವಳೇ.

ಇನ್ನೊಂದು ಮಾತು. ಎಲ್ಲರ ಝಡತಿ ಮಾಡುವವಳ ಝಡತಿ ಮಾಡುವವರು ಯಾರು? ಎಲ್ಲರೂ ಹೋದ ಮೇಲೆ ದಿಡ್ಡಿ ಬಾಗಿಲು ಎಳೆದುಕೊಂಡು ಬರುವ ಗುರುಶಾಂತಮ್ಮನ ಉಡಿಯಲ್ಲಿ ದಿನಕ್ಕೊಂದು ಹಿಡಿ ತೊಗರಿ ಇರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆ ಮನೆಯಲ್ಲಿ ಯಾವತ್ತೂ ಬೇಳೆ ಕೊಂಡು ತಂದದ್ದಿಲ್ಲ. ದೌಲತರಾಯ ಉಂಡು ಕೈ ತೊಳೆದ, ಒಂದು ದಿನವೂ ಕೇಳಲಿಲ್ಲ. ಆ ವಿಷಯದಲ್ಲಿ ಅವನ ಕಿವಿ ಮೊದಲಿನಿಂದಲೇ ಮಂದವಿತ್ತು.

ರಸ್ತೆ ಸುಮ್ಮನಿರುತ್ತದೆಯೇ? ದೇವೀಂದ್ರಪ್ಪನ ಸಿಂದಿ ದುಕಾನದ ಮುಂದೆ ಗಡಿಗೆ ಹಿಡಿದು ಕೂತ ಹಮಾಲರು ಇವಳು ಹಾದುಹೋಗುವಾಗ ಎದ್ದು ನಿಂತು ಎರಡೂ ಕೈ ಮೇಲೆತ್ತುವರು, ನಮ್ಮದೂ ನೋಡ್ರಿ ಅಕ್ಕಾ ಎನ್ನುವರು. ದುಕಾನದೊಳಗಿನವರು ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತ ನಗುವರು. ಖಾದರಸಾಬನ ಹೋಟೆಲಿನ ಹಿಂದಿನ ಕಟ್ಟೆಯಲ್ಲಿ ಕೂತು ಚಹಾ ಕುಡಿಯುವ ಮಿಲ್ಲಿನ ಹೆಂಗಸರು ಇವಳನ್ನು ಕಂಡರೆ ಮಾತು ನಿಲ್ಲಿಸುವರು. ಅವಳು ಮೊದಮೊದಲು ತಲೆ ಎತ್ತಿ ನಡೆದಳು. ಆಮೇಲೆ ಸೆರಗು ಹೊದ್ದು ನಡೆದಳು. ಕೊನೆಗೆ ಆ ದಾರಿ ಬಿಟ್ಟು ಎಣ್ಣೆ ಮಿಲ್ಲಿನ ಹಿಂದಿನ ಸಂದಿಯಿಂದ ಮನೆಗೆ ಹೋಗತೊಡಗಿದಳು.

ಸಂದಿಯ ದಾರಿ ಹಿಡಿದದ್ದು ಭಾಗಮ್ಮನ ಸಂಗತಿಯಾದ ಮೇಲೆ.

ಭಾಗಮ್ಮ ಕೊಳಕೂರಿನಿಂದ ಕೆರೆಯಾಚೆಯ ಓಣಿಗೆ ಬಂದ ಸೊಸೆ. ಗಂಡ ಅಂಬಾರಾಯ ಅದೇ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಅವಳಿಗೆ ತಾಯಿ ಇರಲಿಲ್ಲ. ಚೊಚ್ಚಲ ಬಸುರಿ, ಕುಬಸ ಎಂದರೆ ಸೀಮಂತ ಮಾಡುವವರು ಯಾರೂ ಇಲ್ಲವೆಂದು ಗೊತ್ತಾಗಿ, ಒಂದು ಮಧ್ಯಾಹ್ನ ಸಾವಕಾರರು ಊಟಕ್ಕೆ ಹೋದಾಗ ಮಿಲ್ಲಿನ ಹೆಂಗಸರೇ ಚೀಲಗಳ ಮರೆಗೆ ಅವಳನ್ನು ಕೂರಿಸಿ ಉಡಿ ತುಂಬಿದರು. ಒಬ್ಬಳು ಅಕ್ಕಿ ತಂದಿದ್ದಳು, ಒಬ್ಬಳು ಕೊಬ್ಬರಿ ಬಟ್ಟಲು, ಒಬ್ಬಳು ಉತ್ತತ್ತಿ, ಅರಿಶಿಣದ ಬೇರು. ಹಾಡೂ ಹೇಳಿದರಂತೆ, ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳದಂತೆ. ಇದೆಲ್ಲ ಗುರುಶಾಂತಮ್ಮನಿಗೆ ತಿಳಿದದ್ದು ಆಮೇಲೆ. ಅವಳನ್ನು ಯಾರೂ ಕರೆದಿರಲಿಲ್ಲ.

ಸಂಜೆ ಭಾಗಮ್ಮ ಸಾಲಿನಲ್ಲಿ ಬಂದಳು. ಉಡಿ ಉಬ್ಬಿತ್ತು. ಸಾವಕಾರರು ತೂಕದ ಕಾಟಾದ ಹತ್ತಿರ ಕುರ್ಚಿ ಹಾಕಿಕೊಂಡು ಇತ್ತ ಕಡೆಯೇ ನೋಡುತ್ತಿದ್ದರು. ಉಡಿಯಲ್ಲೇನು ಎಂದು ಗುರುಶಾಂತಮ್ಮ ಕೇಳಿದಳು. ಭಾಗಮ್ಮ ಹೇಳಿದಳೂ. ಹೆಂಗಸರೂ ಹಿಂದಿನಿಂದ ಹೇಳಿದರು. ಬಿಚ್ಚುವ ಮೊದಲೇ ಅದು ತೊಗರಿಯಲ್ಲ ಎಂದು ಗುರುಶಾಂತಮ್ಮನ ಕೈಗೆ ಗೊತ್ತಾಗಿತ್ತು. ತೊಗರಿಯ ಭಾರ ಬಲ್ಲ ಕೈ ಅದು. ಆದರೆ ಸಾವಕಾರರು ನೋಡುತ್ತಿದ್ದರು. ಕೈ ಮ್ಯಾಲ ಎಂದಳು. ಭಾಗಮ್ಮ ಕೈ ಎತ್ತಿದಳು, ಇವಳು ಗಂಟು ಜಗ್ಗಿದಳು, ಉಡಿ ತುಂಬಿದ ಅಕ್ಕಿಯೆಲ್ಲ ಫರಸಿಯ ಮೇಲೆ ಸುರಿಯಿತು. ಕೊಬ್ಬರಿ ಬಟ್ಟಲು ಉರುಳಿ ಸಾವಕಾರರ ಕುರ್ಚಿಯ ತನಕ ಹೋಯಿತು. ಭಾಗಮ್ಮ ಆರಿಸಿಕೊಳ್ಳಲು ಬಗ್ಗಿದಾಗ ಗುರುಶಾಂತಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿ ಹೇಳಿದ ಮಾತು ಆ ಸಾಲಿನಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಏ ಭಾಗೀ, ನಡಿ ನಡಿ. ಹಿಂದ ಲೈನ್ ನಿಂತದ."

ಭಾಗಮ್ಮ ಬರಿ ಉಡಿಯಲ್ಲಿ ದಿಡ್ಡಿ ದಾಟಿ ಹೋದಳು. ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಮಿಲ್ಲಿನ ಹೆಂಗಸರು ಗುರುಶಾಂತಮ್ಮನ ಜೊತೆ ಜಗಳವಾಡಲಿಲ್ಲ, ಬೈಯಲೂ ಇಲ್ಲ. ಸಾಲಿನಲ್ಲಿ ಬಂದು ಕೈ ಎತ್ತಿ ಅವಳ ಮುಖ ನೋಡದೆ ಹೋಗುತ್ತಿದ್ದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಭಾಗಮ್ಮನಿಗೆ ಹೆಣ್ಣುಮಗು ಆಯಿತು, ಗಟ್ಟಿಯಾಗಿದೆ ಎಂದು ಕೇಳಿದ ದಿನ ಗುರುಶಾಂತಮ್ಮ ಒಲೆಯ ಮುಂದೆ ಕೂತು ಅತ್ತಳು. ಅವತ್ತಿನಿಂದ ಅವಳಿಗೊಂದೇ ಆಸೆ. ಒಂದೇ ಒಂದು ಸಲ ಭಾಗಮ್ಮನ ಉಡಿಯನ್ನು ತನ್ನ ಕೈಯಾರೆ ತುಂಬಬೇಕು. ಹೆಂಗಸಿಗೆ ಹೆಂಗಸು ಉಡಿ ತುಂಬಲು ನೆವ ಬೇಕು. ಸಂಕ್ರಾಂತಿಗೊಂದು ಸಲ ಎಳ್ಳು ಬೆಲ್ಲ ಕಟ್ಟಿಕೊಂಡು ಕೆರೆಯ ಏರಿಯ ತನಕ ಹೋದಳು, ಓಣಿಯ ದೀಪಗಳನ್ನು ಕಂಡು ತಿರುಗಿ ಬಂದಳು. ಬಜಾರದಲ್ಲಿ ಎದುರಾದರೆ ಪಕ್ಕದ ಅಂಗಡಿಗೆ ಹೊಕ್ಕುಬಿಡುತ್ತಿದ್ದಳು. ವರ್ಷಗಳು ಹೋದವು, ಮಿಲ್ಲು ಮುಚ್ಚಿತು. ಸ್ಟೂಲು ಹೋಯಿತು, ನಾಚಿಕೆ ಉಳಿಯಿತು. ಮನೆಗೆ ಬಂದವರನ್ನು ಬಾಗಿಲ ತನಕ ಬಂದು ಕಳಿಸುವ ರೂಢಿಯನ್ನೇ ಅವಳು ಬಿಟ್ಟಳು. ಹೊರಡುವವರ ಬಳಿ ಬಾಗಿಲಲ್ಲಿ ನಿಂತರೆ ತನ್ನ ಕೈಗಳನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

ಮಗ ಸಂಜುಕುಮಾರ ಟೈಲ್ಸ್ ಅಂಗಡಿಯಲ್ಲಿ ಮ್ಯಾನೇಜರನಾದ. ಗೊಬ್ಬೂರಿನಿಂದ ಸುನಿತಾ ಎಂಬ ಸೊಸೆ ಬಂದಳು. ಮಾತಿನ ಮಲ್ಲಿ, ಮನಸ್ಸಿನಲ್ಲಿ ಕಪಟವಿಲ್ಲ. ಅತ್ತೆ ಮಿಲ್ಲಿನಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂದು ಅವಳು ಕೇಳಿದಾಗ ಗುರುಶಾಂತಮ್ಮನ ಬಾಯಿಂದ ಸೂಪರ್‌ವೈಜರ್ ಎಂಬ ಶಬ್ದ ಹೊರಬಿತ್ತು. ಅದು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಸುನಿತಾ ಅದನ್ನು ತವರಿಗೆಲ್ಲ ಹೇಳಿಕೊಂಡು ಬಂದಳು. ದೌಲತರಾಯ ಅದನ್ನೂ ತಲೆಯಾಡಿಸಿ ನಕ್ಕ.

ಸುನಿತಾ ಬಸುರಿಯಾಗಿ ಸರಕಾರಿ ದವಾಖಾನೆಗೆ ಹೋಗತೊಡಗಿದಳು. ಅಲ್ಲೊಬ್ಬ ನರ್ಸು. ಕೈ ಬಲು ಹಗುರ, ಮಾತು ಅದಕ್ಕಿಂತ ಹಗುರ, ಹೆದರಬ್ಯಾಡ ತಂಗಿ ಎಂದು ಬೆನ್ನು ಸವರುತ್ತಾಳಂತೆ. ದಿನವೂ ಅವಳದೇ ಸುದ್ದಿ. ಹೆಸರು ಸಂಘಮಿತ್ರಾ. ಒಂದು ದಿನ ಸುನಿತಾ ಬಂದವಳೇ, ಸಂಘಮಿತ್ರಾ ಅಕ್ಕನ ತಾಯಿಯೂ ನಿಮ್ಮ ಮಿಲ್ಲಿನಲ್ಲೇ ಕೆಲಸ ಮಾಡುತ್ತಿದ್ದರಂತೆ, ಭಾಗಮ್ಮ ಅಂತ, ನಿಮಗೆ ಗೊತ್ತಿರಬೇಕಲ್ಲ ಎಂದಳು. ಗುರುಶಾಂತಮ್ಮ ಆರಿಸುತ್ತಿದ್ದ ಮೆಂತ್ಯದ ಸೊಪ್ಪನ್ನು ಕಡ್ಡಿಯ ಸಮೇತ ಬುಟ್ಟಿಗೆ ಹಾಕಿದಳು. ಗೊತ್ತು ಎಂದಳು. ಹಾಗಾದರೆ ಕುಬಸಕ್ಕೆ ತಾಯಿ ಮಗಳಿಬ್ಬರನ್ನೂ ಕರೆಯಲೇಬೇಕು, ನೀವೇ ಹೋಗಿ ಕರೆದು ಬನ್ನಿ ಎಂದು ಸುನಿತಾ ಹಟ ಹಿಡಿದಳು. ನೆವ ಹುಡುಕಿ ಹುಡುಕಿ ಸೋತವಳ ಮನೆಗೆ ನೆವವೇ ನಡೆದು ಬಂದಿತ್ತು. ಬಂತಲ್ಲ ಎಂದು ಕುಣಿಯಬೇಕಾದ ಜೀವ ಹೆದರಿ ಎರಡು ದಿನ ಹಾಸಿಗೆ ಹಿಡಿಯಿತು.

ಮೂರನೆಯ ದಿನ ಕುಂಕುಮದ ಭರಣಿ ಹಿಡಿದುಕೊಂಡು ಹೋದಳು. ಅದೇ ಮೊದಲ ಸಲ ಅವಳು ಆ ಓಣಿಗೆ ಕಾಲಿಟ್ಟದ್ದು. ಭಾಗಮ್ಮನ ಮನೆ ಈಗ ಆರ್‌ಸಿಸಿ ಮನೆ, ಬಾಗಿಲ ಮೇಲೆ ಬುದ್ಧನ ಪಟ. ಭಾಗಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಕುರ್ಚಿ ತೋರಿಸಿದಳು, ನೀರು ತಂದಿಟ್ಟಳು, ಚಹಾ ಮಾಡಿದಳು. ಗುರುಶಾಂತಮ್ಮ ಆ ನೀರನ್ನು ಗಟಗಟ ಕುಡಿದಳು, ಚಹಾವನ್ನು ಬಾಯಿ ಸುಟ್ಟುಕೊಂಡೇ ಕುಡಿದಳು. ಕುಡಿದೆ ಎಂದು ತೋರಿಸುವ ಅವಸರ ಅದು. ಆ ಅವಸರ ಭಾಗಮ್ಮನಿಗೂ ಕಾಣಿಸಿತೆಂದು ಅವಳಿಗೆ ಆಮೇಲೆ ಹೊಳೆದು ಇನ್ನಷ್ಟು ನಾಚಿಕೆಯಾಯಿತು.

ಮಾತಿಗೆ ಮೊದಲು ಹೆಸರು ಹಿಡಿದು ಕರೆಯಬೇಕಲ್ಲ. ಭಾಗೀ ಎಂದೇ ಕರೆದು ರೂಢಿಯಾದ ನಾಲಿಗೆ.

"ಭಾಗಮ್ಮ, ನೀವು ಬರಬೇಕ್ರಿ," ಎಂದಳು ಕೊನೆಗೆ. "ನಮ್ಮ ಸೊಸೀದು ಕುಬಸ ಅದ."

ಭರಣಿಯ ಮುಚ್ಚಳ ತೆಗೆದಾಗ ಭಾಗಮ್ಮ ಕೈ ಅಡ್ಡ ಮಾಡಿ, ಬುದ್ಧನ ಕಡೆ ಬಂದ ಮೇಲೆ ತಮ್ಮಲ್ಲಿ ಕುಂಕುಮ ಹಚ್ಚುವುದಿಲ್ಲ, ಬಾಯಿಂದ ಕರೆದರೆ ಸಾಕು ಎಂದಳು. ಹಾಗಾದರೆ ಉಡಿ? ಕೇಳಲೋ ಬೇಡವೋ ಎಂದು ಗುರುಶಾಂತಮ್ಮ ಮುಚ್ಚಳ ತಿರುವುತ್ತ ಕೂತಳು. ಭಾಗಮ್ಮ ತಾನಾಗಿಯೇ ಹೇಳಿದಳು.

"ಉಡಿ ಬ್ಯಾಡ ಅನ್ನಂಗಿಲ್ರಿ. ಬಸರಿ ಹೆಣ್ಮಗಳ ಮನೀದು. ಎಲ್ಲೈತ್ರಿ ಕಾರ್ಯ?"

ಮಂಗಲ ಕಾರ್ಯಾಲಯ ಎಂದಳು ಗುರುಶಾಂತಮ್ಮ. ಯಾವುದು ಎಂದು ಭಾಗಮ್ಮ ಕೇಳಲಿಲ್ಲ. ಆಳಂದದವರಿಗೆ ಅದು ಯಾವ ಜಾಗ ಎಂದು ಹೇಳಬೇಕಿಲ್ಲ. ಕಾರ್ಯಾಲಯವನ್ನು ಗೊತ್ತು ಮಾಡಿದವನು ಸಂಜುಕುಮಾರ. ಗೊಬ್ಬೂರಿನಿಂದ ಎರಡು ಟೆಂಪೊ ಜನ ಬರುತ್ತಾರೆ, ಮನೆ ಸಾಲದು ಎಂದು. ಬೇಡ ಎನ್ನಲು ಗುರುಶಾಂತಮ್ಮನಿಗೆ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ.

ಕುಬಸದ ದಿನ ಎಲ್ಲವೂ ಸಾಂಗವಾಗಿ ನಡೆಯಿತು. ಸುನಿತಾ ಹಸಿರು ಸೀರೆ, ಹಸಿರು ಬಳೆ, ಮೊಗ್ಗಿನ ಜಡೆಯಲ್ಲಿ ಕೂತಿದ್ದಳು. ಫರಸಿಯ ಮೇಲೆ ಜಮಖಾನೆ ಹಾಸಿದ್ದರು. ಭಾಗಮ್ಮ ಮಗಳ ಜೊತೆ ಬಂದಳು, ಬಿಳಿ ಸೀರೆಗೆ ನೀಲಿ ಅಂಚು, ಬುದ್ಧನ ಪೂಜೆಗೆ ಉಡುವಂಥದು. ದಿಡ್ಡಿ ದಾಟುವಾಗ ಒಂದು ಗಳಿಗೆ ನಿಂತು ಗೇಟನ್ನು ಮೇಲಿನಿಂದ ಕೆಳಗೆ ನೋಡಿದಳು. ಸುನಿತಾಗೆ ಸಂಘಮಿತ್ರಾಳನ್ನು ಕಂಡು ಎಷ್ಟು ಸಂತೋಷವಾಯಿತೆಂದರೆ ಪಕ್ಕದಲ್ಲೇ ಕೂರಿಸಿಕೊಂಡಳು.

ಮುತ್ತೈದೆಯರಿಗೆ ಉಡಿ ತುಂಬುವ ಹೊತ್ತಿಗೆ ಗುರುಶಾಂತಮ್ಮ ಬೇರೆ ಯಾರಿಗೂ ಬಿಡದೆ ತಾನೇ ಮೊರ ಹಿಡಿದು ಭಾಗಮ್ಮನ ಮುಂದೆ ಬಂದಳು. ಭಾಗಮ್ಮ ಸೆರಗು ಒಡ್ಡಿದಳು. ಇವಳು ಬೊಗಸೆ ತುಂಬ ಅಕ್ಕಿ ಹಾಕಿದಳು. ಕೊಬ್ಬರಿ ಬಟ್ಟಲು ಹಾಕಿದಳು, ಉತ್ತತ್ತಿ, ಅರಿಶಿಣದ ಬೇರು, ಎಲೆ ಅಡಿಕೆ, ಇಳಕಲ್ಲಿನ ಕುಬಸದ ಖಣ. ಮತ್ತೊಂದು ಬೊಗಸೆ ಅಕ್ಕಿ ಹಾಕಿದಳು. ಸಾಕ್ರಿ ಎಂದು ಭಾಗಮ್ಮ ಅಂದ ಮೇಲೂ ಹಾಕಿದಳು. ಭಾಗಮ್ಮನ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ, ಉಡಿಯನ್ನೇ ನೋಡಿದಳು. ತುಂಬಿತ್ತು. ಇಷ್ಟು ವರ್ಷದ ಭಾರ ತನ್ನ ಎದೆಯಿಂದ ಇಳಿಯಿತು ಎಂದುಕೊಂಡಳು. ಸ್ವಲ್ಪ ಮೊದಲೇ ಅಂದುಕೊಂಡಳು, ಪಾಪ.

ಊಟವಾಗಿ ಜನ ಹೊರಡುವ ಹೊತ್ತಾಯಿತು. ಅಡುಗೆಯವರ ಗಾಡಿ ದೊಡ್ಡ ಗೇಟು ತೆರೆಯದಂತೆ ಅಡ್ಡ ನಿಂತು ಪಾತ್ರೆ ಹೇರಿಕೊಳ್ಳುತ್ತಿತ್ತು. ಎಲ್ಲರೂ ದಿಡ್ಡಿ ಬಾಗಿಲಿನಿಂದಲೇ ಒಬ್ಬೊಬ್ಬರಾಗಿ ಹೋಗಬೇಕಾಯಿತು. ಹೋಗುವ ಹೆಂಗಸರಿಗೆ ಕುಂಕುಮ ಹಚ್ಚಿ ಬಾಳೆಹಣ್ಣು ಕೊಟ್ಟು ಕಳಿಸಲು ಮನೆಯ ಹಿರಿಯಳೇ ನಿಲ್ಲಬೇಕಲ್ಲ. ಸುನಿತಾಳ ತಾಯಿ, ಬೀಗತಿ ನೀವೇ ನಿಂದರ್ರಿ ಎಂದು ಭರಣಿಯನ್ನು ಗುರುಶಾಂತಮ್ಮನ ಕೈಗಿತ್ತಳು. ಒಲ್ಲೆ ಎಂದು ನಾಲ್ಕು ಜನರ ಮುಂದೆ ಹೇಳುವುದು ಹೇಗೆ? ನಿಂತಳು. ಅದೇ ಗೇಟು, ಅದೇ ಮಗ್ಗುಲು, ಸ್ಟೂಲು ಇರುತ್ತಿದ್ದ ಅದೇ ಜಾಗ. ಸುನಿತಾಗೂ ಸಂಘಮಿತ್ರಾಗೂ ಅಲ್ಲೇ ಗಾಳಿಗೆ ಕುರ್ಚಿ ಹಾಕಿಕೊಟ್ಟಿದ್ದರು.

ಸಾಲು ಬಂತು. ಒಬ್ಬಳಿಗೆ ಕುಂಕುಮ, ಹಣ್ಣು, ಬರ್ರಿ. ಇನ್ನೊಬ್ಬಳಿಗೆ ಕುಂಕುಮ, ಹಣ್ಣು, ಬರ್ರಿ. ಸಂಜೆಯ ಬಿಸಿಲು ಗೇಟಿನ ಸಂದಿಯಿಂದ ಅಡ್ಡ ಬೀಳುತ್ತಿತ್ತು. ಹೆಂಗಸರು ತಲೆ ಬಗ್ಗಿಸಿ ದಾಟುತ್ತಿದ್ದರು. ಹಣೆಗೆ ಕೈ, ಕೈಗೆ ಹಣ್ಣು, ಮುಂದಿನವರು. ಅವಳ ಮನಸ್ಸು ಹಗುರಾಗಿ ಎಲ್ಲೋ ಇತ್ತು, ಮೊಮ್ಮಗುವಿಗೆ ಏನು ಹೆಸರಿಡುವುದೆಂಬಲ್ಲಿ. ಕೈ ತನ್ನ ಪಾಡಿಗೆ ನಡೆದಿತ್ತು.

ಭಾಗಮ್ಮ ಮುಂದೆ ಬಂದಳು. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಗುರುಶಾಂತಮ್ಮನ ಕೈ ಅವಳ ಹಣೆಯತ್ತ ಹೋಯಿತು, ಕುಂಕುಮ ಹಚ್ಚುವುದಿಲ್ಲವೆಂಬುದು ನೆನಪಾಗಿ ನಡುವೆಯೇ ನಿಂತಿತು. ಕೆಲಸವಿಲ್ಲದ ಕೈ ಅದು. ಕೆಳಗಿಳಿಯಿತು, ಭಾಗಮ್ಮನ ಸೊಂಟಕ್ಕೆ ಹೋಯಿತು, ಎಡಕ್ಕೊಂದು ಸಲ, ಬಲಕ್ಕೊಂದು ಸಲ ತಡವಿತು.

ಅಷ್ಟಾಗಿದ್ದರೆ ಏನೋ ಮುಚ್ಚಿಹೋಗುತ್ತಿತ್ತು. ಆದರೆ ಆ ಕೈ ಸೋಕಿದ್ದೇ ಭಾಗಮ್ಮನ ಎರಡೂ ಕೈಗಳು ತಾವಾಗಿಯೇ ಮೇಲೆದ್ದವು. ತಲೆ ನರೆತ ಆ ಹೆಂಗಸು, ನರ್ಸಿನ ತಾಯಿ, ಮದುವೆ ಮಂಟಪದ ಬಾಗಿಲಲ್ಲಿ ಕೈ ಎತ್ತಿ ನಿಂತಳು. ಹಿಡಿಯುವ ಕೈಯಿಲ್ಲದ ಸೆರಗು ಜಾರಿತು. ಅಕ್ಕಿ ಫರಸಿಯ ಮೇಲೆ ಸುರಿಯಿತು, ಕೊಬ್ಬರಿ ಬಟ್ಟಲು ಉರುಳಿಕೊಂಡು ಹೋಗಿ ಸುನಿತಾಳ ಕುರ್ಚಿಯ ಕಾಲಿಗೆ ತಾಗಿ ಬಿತ್ತು.

ಸಾಲಿನಲ್ಲಿ ಹಳೆಯ ಮಿಲ್ಲಿನ ಹೆಂಗಸರು ಇಬ್ಬರು ಮೂವರಿದ್ದರು, ಅವರು ಮುಖ ಬೇರೆ ಕಡೆ ತಿರುಗಿಸಿದರು. ಸಂಘಮಿತ್ರಾ ಎದ್ದು ನಿಂತಳು. ತನ್ನ ತಾಯಿ ಹಾಗೆ ಕೈ ಎತ್ತಿ ನಿಂತದ್ದನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ, ಏಕೆ ಎತ್ತಿದಳೆಂಬುದೂ ತಿಳಿಯಲಿಲ್ಲ. ಭಾಗಮ್ಮ ತನ್ನ ಕೈಗಳನ್ನು ಯಾರದೋ ಕೈಗಳೆಂಬಂತೆ ನೋಡಿ ನಿಧಾನ ಇಳಿಸಿದಳು. ಬೆನ್ನಿಗೆ ತಟ್ಟುವ ತನಕ ಇಳಿಸುವಂತಿಲ್ಲ ಎಂಬ ಕಾಯಿದೆ ಅವಳಿಗೆ ಅವತ್ತು ಮರೆತಿತ್ತು, ಅದೊಂದು ಸಮಾಧಾನ.

ಭೂಮಿ ಬಾಯಿ ಬಿಡಬಾರದೇ ಎಂದು ಹೇಳುತ್ತಾರಲ್ಲ, ಗುರುಶಾಂತಮ್ಮನಿಗೆ ಹಾಗಾಯಿತು. ಏನಾದರೂ ಹೇಳಬೇಕು, ಬೇಗ ಹೇಳಬೇಕು, ಇದನ್ನು ಮುಚ್ಚಬೇಕು. ಅಕ್ಕಿ ಆರಿಸಲು ಬಗ್ಗಿದ ಭಾಗಮ್ಮನ ರಟ್ಟೆ ಹಿಡಿದು ಎತ್ತಹೋದಳು. ನಾಲಿಗೆಗೆ ಸಿಕ್ಕಿದ್ದನ್ನು ಆಡಿದಳು.

"ಬಿಡ್ರಿ ಭಾಗಮ್ಮ, ಒಳಗ ಬ್ಯಾರೆ ಅಕ್ಕಿ ಅದ, ಮತ್ತ ತುಂಬ್ತೇನಿ. ನಡೀರಿ ನಡೀರಿ, ಹಿಂದ ಲೈನ್ ನಿಂತದ."

ಬಾಯಿಂದ ಬಿದ್ದ ಮೇಲೆ ಆ ಮಾತು ಅವಳ ಕಿವಿಗೇ ಕೇಳಿಸಿತು. ರಟ್ಟೆ ಹಿಡಿದ ಕೈಯನ್ನು ಬೆಂಕಿ ಮುಟ್ಟಿದವಳಂತೆ ಬಿಟ್ಟಳು.

ಭಾಗಮ್ಮ ಏಳಲಿಲ್ಲ. ದಿಡ್ಡಿ ಬಾಗಿಲಿಗೆ ಅಡ್ಡವಾಗಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಸೆರಗು ಹರವಿ, ಒಂದೊಂದೇ ಚಿಟಿಕೆ ಅಕ್ಕಿ ಆರಿಸಿ ಹಾಕಿಕೊಳ್ಳತೊಡಗಿದಳು. ದನಿ ಏರಿಸಲಿಲ್ಲ.

"ಲೈನ್ ನಿಂತ್ರ ನಿಂದರ್ಲಿ, ಅಕ್ಕಾ. ಅವತ್ತ ಬಿಟ್ಟ ಹ್ವಾದೆ. ಇವತ್ತ ಎಲ್ಲಾ ಆರಿಸ್ಕೊಂಡೇ ಹೋಗ್ತೇನಿ."

ಸುನಿತಾ ಕಾಲ ಬಳಿ ಬಿದ್ದ ಕೊಬ್ಬರಿ ಬಟ್ಟಲನ್ನು ಎತ್ತಿಕೊಳ್ಳಲು ಬಗ್ಗಹೋದಳು, ಹೊಟ್ಟೆ ಬಿಡಲಿಲ್ಲ. ಸಂಘಮಿತ್ರಾ ಅದನ್ನು ಎತ್ತಿ ಕೈಯಲ್ಲಿ ಹಿಡಿದು ನಿಂತಳು. ಇಬ್ಬರೂ ಗುರುಶಾಂತಮ್ಮನನ್ನೇ ನೋಡುತ್ತಿದ್ದರು.

"ಅತ್ತೀ," ಎಂದಳು ಸುನಿತಾ, "ಅವತ್ತ ಅಂದ್ರ ಯಾವತ್ತ?"

ಗುರುಶಾಂತಮ್ಮನಿಗೆ ತಲೆ ಎತ್ತಲಾಗಲಿಲ್ಲ. ಭರಣಿಯನ್ನು ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು, ಭಾಗಮ್ಮನ ಎದುರಿಗೆ ನೆಲಕ್ಕೆ ಕೂತಳು. ಫರಸಿಯ ಸಂದಿಯಲ್ಲಿ ಸಿಕ್ಕಿಕೊಂಡ ಅಕ್ಕಿಯನ್ನು ಉಗುರಿನಿಂದ ಕೀಳುತ್ತ, ಕೇಳಿಯೂ ಕೇಳದಷ್ಟು ಮೆಲ್ಲಗೆ ಹೇಳಿದಳು.

"ಹೇಳ್ತೇನವ್ವಾ. ನಾ ಸೂಪರ್‌ವೈಜರ್ ಇದ್ದಿಲ್ಲ. ಇದೇ ಬಾಗಿಲಾಗ ನಿಂದರ್ತಿದ್ದೆ. ಮೊದಲ ಇದಿಷ್ಟು ಆರಸ್ತೇನಿ, ಆಮ್ಯಾಲ ಎಲ್ಲಾ ಹೇಳ್ತೇನಿ."

ಆರಿಸಿದ ಚಿಟಿಕೆ ಅಕ್ಕಿಯನ್ನು ಭಾಗಮ್ಮನ ಉಡಿಯ ಕಡೆ ಒಡ್ಡಿ ಹಾಗೇ ಹಿಡಿದಳು, ಹಾಕಲು ಕೈ ಬರಲಿಲ್ಲ. ಭಾಗಮ್ಮ ಅದನ್ನು ನೋಡಿದಳು. ಸೆರಗನ್ನು ಒಂದಿಷ್ಟು ಮುಂದಕ್ಕೆ ಎಳೆದಳು.

ಒಳಗಿನಿಂದ ದೌಲತರಾಯ, ಯಾಕೆ ಜನ ಮುಂದೆ ಹೋಗುತ್ತಿಲ್ಲ, ಗೇಟಿನಲ್ಲಿ ಏನಾಗಿದೆ ಎಂದು ಕೂಗಿ ಕೇಳುತ್ತಿದ್ದ. ಇಬ್ಬರು ಹೆಂಗಸರು ಅಕ್ಕಿ ಆರಿಸುತ್ತಿದ್ದರು, ಸಾಲು ಅವರ ಹಿಂದೆ ಸುಮ್ಮನೆ ನಿಂತಿತ್ತು.